ಮೊದಲ ಪೀಳಿಗೆಯ ಸ್ಮಾರ್ಟ್‌ವಾಚ್: ದಸರಾಕ್ಕೇ ತಗೊಳ್ಳೋದಾ, ಎರಡನೇದಕ್ಕೆ ಕಾಯೋದಾ?

ಡೊಂಬಿವಲಿ ಸ್ಲೋ

ಎಲ್ಲರಿಗೂ ನಮಸ್ಕಾರ. ಫೋನ್ ಮಾಡುವ ಕಂಪನಿಯೊಂದು ತನ್ನ ಮೊಟ್ಟಮೊದಲ ಸ್ಮಾರ್ಟ್‌ವಾಚ್ ಬಿಟ್ಟಿದೆ. ಹೆಸರು ಹಾಕುತ್ತಿಲ್ಲ. ಹಾಕಿದರೆ ನಾಲ್ಕನೇ ಉತ್ತರಕ್ಕೆಲ್ಲ ವಾಚ್ ಮರೆತುಹೋಗಿ ಕಂಪನಿ ಜಗಳ ಶುರುವಾಗುತ್ತೆ.

ಡಬ್ಬಿ ಮೇಲಿರುವುದು ಇಷ್ಟು: ಬೆಲೆ 24,999. ವೇರ್ ಓಎಸ್ (ಗೂಗಲ್‌ನ ವಾಚ್ ಸಾಫ್ಟ್‌ವೇರ್). ಬ್ಯಾಟರಿ 310 ಎಂಎಎಚ್, "24 ಗಂಟೆವರೆಗೆ". ನೀರು ತಡೆ 5 ಎಟಿಎಂ. ಜಿಪಿಎಸ್ ಇದೆ, ಡ್ಯುಯಲ್ ಫ್ರೀಕ್ವೆನ್ಸಿ ಅಂತ ಎಲ್ಲೂ ಬರೆದಿಲ್ಲ. ಇಸಿಮ್ ಇಲ್ಲ. ಚಾರ್ಜರ್ ಮ್ಯಾಗ್ನೆಟ್‌ನದು, ವಾಚಿನ ಬೆನ್ನಿಗೆ ಎರಡು ಪಿನ್. ಅಪ್‌ಡೇಟ್ 2 ವರ್ಷ. ಇಸಿಜಿ "ಶೀಘ್ರದಲ್ಲೇ".

ನನ್ನ ಬಳಕೆ: ಆಂಡ್ರಾಯ್ಡ್ ಫೋನ್. ಬೆಳಗ್ಗೆ 6.20ಕ್ಕೆ ಮನೆ ಬಿಟ್ಟರೆ ವಾಪಸ್ ರಾತ್ರಿ 9. ವಾರಕ್ಕೆ ಮೂರು ದಿನ ಮುಕ್ಕಾಲು ಗಂಟೆ ಈಜು. ಬರುವ ಮೆಸೇಜ್‌ನಲ್ಲಿ ಅರ್ಧ ಕನ್ನಡ. ದಸರಾ ಆಫರ್‌ನಲ್ಲಿ ಎರಡು-ಮೂರು ಸಾವಿರ ಇಳಿಯಬಹುದು. ತಗೊಳ್ಳಲಾ, ಕಾಯಲಾ?

ಮಾಟುಂಗಾ ಮಾರಾಯ

ಮೊದಲನೇದು ಅಂದ ಕೂಡ್ಲೇ ಹೆದರ್ಲಿಕ್ಕೆ ಹೋಗ್ಬೇಡಿ. ಎಂತದು ಮೊದಲು ಅಂತ ಬಿಡಿಸಿ ನೋಡಿ. ಕೇಸಾ, ಚಿಪ್ಪಾ, ಓಎಸ್ಸಾ, ಸೆನ್ಸರಾ?

2022ರ ಆಪಲ್ ವಾಚ್ ಅಲ್ಟ್ರಾ ಹೆಸರಿಗೆ ಮೊದಲನೇ ಅಲ್ಟ್ರಾ. ಒಳಗೆ ಇದ್ದದ್ದು ಅದೇ ವರ್ಷದ ಸೀರೀಸ್ 8ರ ಎಸ್8 ಚಿಪ್, ವಾಚ್‌ಓಎಸ್ 9. ಹೊಸದು ಅಂದ್ರೆ ಕೇಸು, ದೊಡ್ಡ ಬ್ಯಾಟರಿ, ಒಂದು ಬಟನ್, ಎರಡು ಫ್ರೀಕ್ವೆನ್ಸಿಯ ಜಿಪಿಎಸ್. ತಲೆ ಹಳೇದೇ. ಈಗ ಒನ್‌ಪ್ಲಸ್ ವಾಚ್ 2 ನೋಡಿ, 2024ರದ್ದು. ಹೆಸರಲ್ಲಿ ಎರಡು ಉಂಟು, ಆದ್ರೆ ಆ ಕಂಪನಿ ವೇರ್ ಓಎಸ್ ಹಾಕಿದ್ದು ಅದರಲ್ಲೇ ಮೊದಲು. 2021ರ ವಾಚಲ್ಲಿ ಇದ್ದದ್ದು ಬರೀ ಆರ್‌ಟಿಒಎಸ್, ಅಂದ್ರೆ ಸಣ್ಣ, ಸರಳ ಓಎಸ್. ಡಬ್ಬಿ ಮೇಲಿನ ನಂಬರ್ ನಂಬಿದ್ರೆ ಎರಡು ಕಡೆಯೂ ಮೋಸ ಹೋಗ್ತೀರಿ.

ಇನ್ನು, ಅಪ್‌ಡೇಟ್‌ನಲ್ಲಿ ಸರಿ ಆಗುವುದು ಎಂತ, ಆಗದ್ದು ಎಂತ ಅಂತ ಹಳೇ ವಾಚ್‌ಗಳೇ ಹೇಳ್ತವೆ. 2013ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಗಿಯರ್ ಇಲ್ಲಿ 22,990ಕ್ಕೆ ಬಂತು, ಬರುವಾಗ ನೋಟ್ 3 ಫೋನ್ ಒಂದಕ್ಕೇ ಜೋಡಿ ಆಗ್ತಿತ್ತು. ಆರು ತಿಂಗಳು ಕಳೀಲಿಲ್ಲ, ಗಿಯರ್ 2 ಘೋಷಣೆ ಆಯ್ತು. ಹಳೇ ಗಿಯರ್‌ಗೆ ಆಮೇಲೆ ಬೇರೆ ಫೋನ್‌ಗಳ ಜೋಡಣೆ ಸಿಕ್ಕಿತು, 2014ರಲ್ಲಿ ಓಎಸ್ಸೇ ಬದಲಾಗಿ ಟೈಜನ್ ಆಯ್ತು. ಗಿಯರ್ 2ರಲ್ಲಿದ್ದ ಹೃದಯ ಬಡಿತದ ಸೆನ್ಸರ್ ಮಾತ್ರ ಬರಲಿಲ್ಲ. ಬರುವುದು ಹೇಗೆ? ಇಲ್ಲದ ಸೆನ್ಸರನ್ನು ಯಾವ ಅಪ್‌ಡೇಟೂ ತಂದು ಕೂರಿಸುವುದಿಲ್ಲ.

ಮೊದಲನೇ ಆಪಲ್ ವಾಚ್ ಕೂಡ ಅದೇ ಕಥೆ. ಭಾರತಕ್ಕೆ ಬಂದದ್ದು ನವೆಂಬರ್ 2015, 38 ಮಿಮೀ ಸ್ಪೋರ್ಟ್ 30,900. ಆ್ಯಪ್‌ಗಳು ಫೋನಲ್ಲಿ ಓಡಿ ವಾಚಲ್ಲಿ ಮುಖ ತೋರಿಸ್ತಿದ್ದವು, ವಾಚ್‌ಓಎಸ್ 2ರಲ್ಲಿ ಅದು ಸರಿ ಆಯ್ತು. ಆದ್ರೆ ಜಿಪಿಎಸ್ ಇಲ್ಲ, ಈಜುವಂತಿಲ್ಲ. ಎರಡೂ ಬಂದದ್ದು ಸೆಪ್ಟೆಂಬರ್ 2016ರ ಸೀರೀಸ್ 2ರಲ್ಲಿ. ಮೊದಲನೇದು ವಾಚ್‌ಓಎಸ್ 4ಕ್ಕೇ ನಿಂತಿತು. 2017ರ ಸೀರೀಸ್ 3 ಮಾತ್ರ ವಾಚ್‌ಓಎಸ್ 8ರವರೆಗೆ ಹೋಯ್ತು ನೋಡಿ.

ಹಾಗಾಗಿ ನಿಮ್ಮ ವಾಚಲ್ಲಿ ಚಿಪ್ ಯಾವುದು ಅಂತ ಮೊದಲು ಹೇಳಿ.

ಡೊಂಬಿವಲಿ ಸ್ಲೋ

ಚಿಪ್ ಹೆಸರು ಡಬ್ಬಿಯಲ್ಲೂ ಇಲ್ಲ, ಸೈಟ್‌ನಲ್ಲೂ ಇಲ್ಲ. "ಶಕ್ತಿಶಾಲಿ ಡ್ಯುಯಲ್ ಕೋರ್ ಪ್ರೊಸೆಸರ್" ಅಂತ ಮಾತ್ರ.

ತಾಪ್ಕೀರ್ ಗಲ್ಲಿ

ಹೆಸರು ಹೇಳ್ಲಿಕ್ಕೆ ನಾಚಿಕಿ ಬಂತಂದ್ರ ಹಳೇ ಚಿಪ್ ಅಂತನ ತಿಳ್ಕೋರಿ. 2022ರ ಮೊದಲನೇ ಪಿಕ್ಸೆಲ್ ವಾಚ್‌ನ್ಯಾಗ ಗೂಗಲ್ ಹಾಕಿದ್ದು ಎಕ್ಸಿನಾಸ್ 9110, ಅದು 2018ರ ಸ್ಯಾಮ್‌ಸಂಗ್ ವಾಚಿನ ಚಿಪ್, 10 ನ್ಯಾನೋಮೀಟರ್ (ಈ ಅಂಕಿ ಸಣ್ಣದಿದ್ದಷ್ಟು ಚಿಪ್ ಕರೆಂಟ್ ಕಮ್ಮಿ ತಿಂತದ). ಮುಂದಿನ ವರ್ಷ ಪಿಕ್ಸೆಲ್ ವಾಚ್ 2ಕ್ಕ 4 ನ್ಯಾನೋಮೀಟರಿನ ಸ್ನ್ಯಾಪ್‌ಡ್ರ್ಯಾಗನ್ ಡಬ್ಲ್ಯೂ5 ಬಂತು. ಬ್ಯಾಟರಿ 294 ಇದ್ದದ್ದು 306 ಆತು, ಅಷ್ಟ. ಆದ್ರ ಆಲ್ವೇಸ್-ಆನ್ (ಪರದೆ ಆರದಂಗ ಇಡೂದು) ಹಾಕ್ಕೊಂಡೂ 24 ತಾಸು ಅಂತ ಹೇಳೂ ಧೈರ್ಯ ಬಂತು.

ಈಗ ನಿಮ್ಮ ವಾಚಿನ ಲೆಕ್ಕ ಹಾಕೂಣು. 310 ಎಂಎಎಚ್ ಅಂದ್ರ ಸುಮಾರು 1.2 ವ್ಯಾಟ್-ಅವರ್. 24 ತಾಸಿಗೆ ಹಂಚಿದ್ರ ಸರಾಸರಿ 50 ಮಿಲಿವ್ಯಾಟ್. ಇಷ್ಟರಾಗ ಪರದೆ, ಬ್ಲೂಟೂತ್, ಬಡಿತ ನೋಡೂ ಹಸಿರು ದೀಪ, ಚಿಪ್ ಎಲ್ಲಾ ಸಂಸಾರ ಮಾಡಬೇಕು. ಆಲ್ವೇಸ್-ಆನ್ ಹಾಕಿ, ಮುಕ್ಕಾಲು ತಾಸು ಈಜು ಹಾಕಿದ್ರ 24 ಇದ್ದದ್ದು 18 ಅಂತ ಹಿಡೀರಿ. ಹೊಸದಾಗಿದ್ದಾಗ ಅದೂ ನಡೀತದ.

ಕೆಲಸ ಕೆಡೂದು ಆಮ್ಯಾಲೆ. ಸಾಧಾರಣ ಲಿಥಿಯಂ ಸೆಲ್ 500 ಪೂರ್ತಿ ಚಾರ್ಜ್ ಆದಮ್ಯಾಲ 80 ಪರ್ಸೆಂಟಿನ ಸುತ್ತ ಇರ್ತದ. ಆಪಲ್ ತನ್ನ ವಾಚಿಗೆ 1000 ಸಲ ಅಂತದ, ಎಲ್ಲಾರೂ ಅಷ್ಟು ಛಲೋ ಸೆಲ್ ಹಾಕೂದಿಲ್ಲ. ದಿನಾ ಒಂದು ಚಾರ್ಜ್ ಅಂದ್ರ ಒಂದೂವರಿ ವರ್ಷದೊಳಗ 500 ಮುಗೀತದ. 18ರ 80 ಪರ್ಸೆಂಟ್ ಅಂದ್ರ 14 ತಾಸು 24 ನಿಮಿಷ. ಮುಂಜಾನೆ 6.20ಕ್ಕ ಪೂರಾ ತುಂಬಿಸ್ಕೊಂಡು ಹೊಂಟ್ರೂ ರಾತ್ರಿ 8.44ಕ್ಕ ಖಾಲಿ. ನಿಮ್ಮ ಲೋಕಲ್ ಗಾಡಿ ಆಗ ಮುಂಬ್ರಾ-ದಿವಾ ನಡುವ ಇರ್ತದ, ಡೊಂಬಿವಲಿ ಬರೂದ್ರೊಳಗ ಗಡಿಯಾರ ಮಲಗಿರ್ತದ.

100 ತಾಸು ನಡಿಯೂ ವಾಚ್ 80ಕ್ಕ ಇಳಿದ್ರ ಯಾರಿಗೂ ಗೊತ್ತಾಗೂದಿಲ್ಲ. 24 ತಾಸಿಂದು ಇಳಿದ್ರ ವಾಚ್ ಹೋದಂಗ. ಅದಕ್ಕ ಒಂದ ದಿನ ನಡಿಯೂ ವಾಚಿಗೆ ಬ್ಯಾಟರಿ ಬದಲಿ ಮಾಡೂ ವ್ಯವಸ್ಥಾ ಅದನೋ ಇಲ್ಲೋ, ಎಷ್ಟು ರೂಪಾಯಿ ಅಂತ ಕಂಪನಿಗೆ ಬರದ ಕೇಳ್ರಿ. "ಸರ್ವಿಸ್ ಸೆಂಟರಿಗೆ ಹೋಗಿ ಕೇಳಿ" ಅಂತ ಉತ್ತರ ಬಂದ್ರ, ಇಲ್ಲ ಅಂತ ಅರ್ಥ.

ಡೊಂಬಿವಲಿ ಸ್ಲೋ

ಮುಂದಿನ ಅಪ್‌ಡೇಟ್‌ನಲ್ಲಿ ಬ್ಯಾಟರಿ ಸುಧಾರಿಸುತ್ತೆ ಅಂತ ಅಂಗಡಿಯವರು ಹೇಳಿದರು. ನಂಬಬಹುದಾ?

ತಾಪ್ಕೀರ್ ಗಲ್ಲಿ

ಅರ್ಧ ನಂಬ್ರಿ. ಮೊದಮೊದಲ ಸಾಫ್ಟ್‌ವೇರ್ ಚಿಪ್ಪನ್ನ ಸುಮ್‌ಸುಮ್ನ ಎಬ್ಬಿಸ್ತಿರ್ತದ. ಅದನ್ನ ತಿದ್ದಿದ್ರ ಎರಡು-ಮೂರು ತಾಸು ಸಿಗ್ತಾವ. 2014ರ ಮೋಟೋ 360ಕ್ಕೂ ಹಂಗ ಆಗಿತ್ತು: ಮೊದಲನೇ ವಾರ ಬೈದವ್ರು ಅಪ್‌ಡೇಟ್ ಬಂದಮ್ಯಾಲ ಸಂಜೀತನಕ ನಡಿತದ ಅಂತ ಸಮಾಧಾನ ಆದ್ರು. ಆದ್ರ ಒಳಗ ಇದ್ದದ್ದು 45 ನ್ಯಾನೋಮೀಟರಿನ ಹಳೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಓಮ್ಯಾಪ್. ನ್ಯಾನೋಮೀಟರ್ ಅಪ್‌ಡೇಟ್‌ನ್ಯಾಗ ಇಳಿಯೂದಿಲ್ಲ. ಆಂಡ್ರಾಯ್ಡ್ ವೇರ್ 2.0 ಬಂದಾಗ ಆ ವಾಚಿಗೆ ಸಿಗಲೇ ಇಲ್ಲ.

ವಾಸ್ಕೋ ಉಪ್ಪುಗಾಳಿ

ಎರಡು ಪಿನ್ ಅಂದಿರಲ್ಲ, ಅದರ ಬಗ್ಗೆ ಯಾರೂ ಮಾತಾಡಿಲ್ಲ. ಗೋವಾ, ಮುಂಬೈ ಕಡೆ ನನಗೆ ಬ್ಯಾಟರಿಗಿಂತ ದೊಡ್ಡ ಚಿಂತೆ ಅದೇ.

ಚಾರ್ಜಿಂಗ್ ಪಿನ್‌ಗಳು ಇಡೀ ದಿನ ಚರ್ಮಕ್ಕೆ ಅಂಟಿಕೊಂಡಿರುತ್ತವೆ. ಬೆವರಿನಲ್ಲಿ ಉಪ್ಪು. ಪಿನ್‌ಗಳ ನಡುವೆ ಸಣ್ಣದೊಂದು ವೋಲ್ಟೇಜ್ ಉಳಿದಿದ್ದರೂ ಸಾಕು, ವಿದ್ಯುದ್ವಿಭಜನೆ ಶುರು. ಮೇಲಿನ ಚಿನ್ನದ ಲೇಪ ಸವೆದು, ಕೆಳಗಿನ ತಾಮ್ರ ಹಸಿರು ಪುಡಿಯಾಗುತ್ತದೆ. 2014ರ ಎಲ್‌ಜಿ ಜಿ ವಾಚ್‌ನಲ್ಲಿ ಇದೇ ಆಯಿತು: ವಾಚ್ ಚಾರ್ಜ್‌ನಲ್ಲಿ ಇಲ್ಲದಾಗಲೂ ಪಿನ್‌ಗೆ ಕರೆಂಟ್ ಹೋಗುತ್ತಿತ್ತು, ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟು ನಿಲ್ಲಿಸಿದರು. ಮೊದಲ ಪೀಳಿಗೆಯ ತಪ್ಪು ಅಂದರೆ ಇದು. ಲ್ಯಾಬ್‌ನಲ್ಲಿ ಕಾಣದು, ನಾಲ್ಕು ಜನರ ಕೈ ಬೆವೆತ ಮೇಲೆಯೇ ಕಾಣುವುದು.

ಪಿನ್ ಇರುವ ವಾಚೇ ತಗೊಂಡರೆ ಹೀಗೆ ಮಾಡಿ. ಈಜಿದ ಮೇಲೆ ನಲ್ಲಿ ನೀರಿನಲ್ಲಿ ಅರ್ಧ ನಿಮಿಷ ತೊಳೆಯಿರಿ, ಸೋಪು ಬೇಡ. ಬಟ್ಟೆಯಿಂದ ಒರೆಸಿ ಕಾಲು ಗಂಟೆ ಬಿಡಿ. ಒದ್ದೆ ಪಿನ್ ಮೇಲೆ ಚಾರ್ಜರ್ ಇಡುವುದೇ ಅರ್ಧ ವಾಚ್‌ಗಳನ್ನು ಕೊಲ್ಲುವುದು. ವಾರಕ್ಕೊಮ್ಮೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪಿನ್ ಎರಡನ್ನೂ ಒರೆಸಿ, ಚಾರ್ಜರ್ ಕಡೆಯದನ್ನೂ. ಹಸಿರು ಕಂಡರೆ ಮೃದು ಟೂತ್‌ಬ್ರಷ್ ಸಾಕು. ಬ್ಲೇಡಿನಿಂದ ಕೆರೆದರೆ ಉಳಿದ ಲೇಪವೂ ಹೋಗುತ್ತದೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಕೆರೆಯುತ್ತಾ ಕೂರಬೇಕು.

5 ಎಟಿಎಂ ಎಂದರೆ 50 ಮೀಟರ್ ಮುಳುಗಬಹುದು ಎಂದಲ್ಲ. 50 ಮೀಟರ್ ಆಳದಲ್ಲಿ ನಿಂತ ನೀರು ಎಷ್ಟು ಒತ್ತುತ್ತದೋ ಅಷ್ಟನ್ನು ಪರೀಕ್ಷೆಯಲ್ಲಿ ತಡೆದಿದೆ ಎಂದು. ಈಜುಕೊಳಕ್ಕೆ ಧಾರಾಳ. ಬಾಗಾದಲ್ಲಿ ಜೆಟ್ ಸ್ಕೀ ಮೇಲಿಂದ ಬಿದ್ದರೆ ನೀರು ಹೊಡೆಯುವ ಪೆಟ್ಟೇ ಬೇರೆ. ಬಿಸಿನೀರಿನ ಸ್ನಾನವಂತೂ ಬೇಡವೇ ಬೇಡ, ಆವಿ ಮತ್ತು ಸೋಪು ಸೇರಿ ಸೀಲ್ ಸಡಿಲ ಮಾಡುತ್ತವೆ. ಸೀಲ್ ರಬ್ಬರ್, ಅಂಟು. ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಡಬ್ಬಿ ಮೇಲಿನ 5 ಎಟಿಎಂ ಡಬ್ಬಿ ಒಡೆದ ದಿನದ್ದು.

ಸಿಂಹಗಡ ಸವಾರ

ಎಲ್ಲರೂ ಕಾಯಿರಿ ಅನ್ನೋ ಕಡೆಗೇ ವಾಲ್ತಿದ್ದೀರಿ. ಎರಡನೇದು ಬಂದರೆ ಎಲ್ಲಾ ಸರಿಹೋಗುತ್ತೆ ಅನ್ನೋದು ಮೂಢನಂಬಿಕೆ.

ಮೋಟೋ 360 ದುಂಡು ಪರದೆಯ ಕೆಳಗೆ ಒಂದು ಕಪ್ಪು ಪಟ್ಟಿ ಇತ್ತಲ್ಲ, ಪಂಕ್ಚರ್ ಆದ ಟೈರ್ ಥರ. ಜನ ಬೈದರು. 2015ರ ಎರಡನೇ ಮೋಟೋ 360ನಲ್ಲೂ ಆ ಪಟ್ಟಿ ಹಾಗೇ ಇತ್ತು. ಪರದೆಯ ಡ್ರೈವರ್, ಬೆಳಕಿನ ಸೆನ್ಸರ್ ಇಡೋಕೆ ಜಾಗ ಬೇಕು, ಅಂಚು ತೆಳ್ಳಗಿರಬೇಕು ಅಂತ ಕಂಪನಿ ತೀರ್ಮಾನ ಮಾಡಿತ್ತು. ಅದು ತಪ್ಪಾಗಿ ಆದದ್ದಲ್ಲ, ಬೇಕಂತಲೇ ಮಾಡಿದ್ದು. ಬೇಕಂತಲೇ ಮಾಡಿದ್ದಕ್ಕೆ ಕಾದು ಪ್ರಯೋಜನ ಇಲ್ಲ.

ರಿಪೇರಿ ವಿಷಯವೂ ಹಾಗೇ. ಮೊದಲ ಪಿಕ್ಸೆಲ್ ವಾಚ್‌ನ ಗಾಜು ಒಡೆದರೆ ರಿಪೇರಿ ದಾರಿಯೇ ಇಲ್ಲ ಅಂತ 2023ರಲ್ಲಿ ಗೂಗಲ್ಲೇ ಒಪ್ಪಿಕೊಂಡಿತು. ಪರದೆ, ಬ್ಯಾಟರಿ ಬದಲಿಸೋಕೆ ಆಗೋ ಹಾಗೆ ಮಾಡಿದ್ದು 2025ರ ಪಿಕ್ಸೆಲ್ ವಾಚ್ 4ರಲ್ಲಿ. ಎರಡನೇದಕ್ಕೆ ಕಾದವರಿಗೆ ಸಿಕ್ಕಿದ್ದೇನು? ಇನ್ನೊಂದು ಚಾರ್ಜರ್. ಮೊದಲನೇದರ ಚಾರ್ಜರ್ ಎರಡನೇದಕ್ಕೆ ಕೂರಲ್ಲ, ನಾಲ್ಕನೇದಕ್ಕೆ ಮತ್ತೆ ಬೇರೆ.

ನನ್ನ ಸಲಹೆ: ಎರಡನೇದು ಘೋಷಣೆ ಆದ ವಾರ ಮೊದಲನೇದನ್ನು ತಗೊಳ್ಳಿ. ಅಷ್ಟೊತ್ತಿಗೆ ಒಂದು ವರ್ಷದ ಅಪ್‌ಡೇಟ್ ಬಂದಿರುತ್ತೆ, ತಪ್ಪುಗಳೆಲ್ಲ ಊರಿಗೇ ಗೊತ್ತಿರುತ್ತೆ, ಬೆಲೆ ಬಿದ್ದಿರುತ್ತೆ. ಉದಾಹರಣೆಗೆ ಪಿಕ್ಸೆಲ್ ವಾಚ್‌ನ ರಕ್ತದ ಆಮ್ಲಜನಕದ ಸೆನ್ಸರ್ ಮೊದಲ ದಿನವೇ ಒಳಗಿತ್ತು, ಚಾಲೂ ಮಾಡಿದ್ದು 2023ರ ಜೂನ್‌ನಲ್ಲಿ. ಮೊದಲ ದಿನ ತಗೊಂಡವರು ಎಂಟು ತಿಂಗಳು ಕಾದರು.

ಮಾಟುಂಗಾ ಮಾರಾಯ

ಸವಾರರೇ, ಒಂದು ಲೆಕ್ಕ ಬಿಟ್ರಿ. ಅಪ್‌ಡೇಟಿನ ಗಡಿಯಾರ ನಿಮ್ಮ ಬಿಲ್ಲಿನ ದಿನದಿಂದ ಓಡುವುದಲ್ಲ, ವಾಚ್ ಬಿಡುಗಡೆ ಆದ ದಿನದಿಂದ. ಮೊದಲ ಪಿಕ್ಸೆಲ್ ವಾಚ್ 2022ರ ಅಕ್ಟೋಬರ್‌ದು, ಗೂಗಲ್ ಹೇಳಿದ ಅವಧಿ 2025ರ ಅಕ್ಟೋಬರ್‌ಗೆ ಮುಗೀತು. 2024ರಲ್ಲಿ ಅಗ್ಗಕ್ಕೆ ಸಿಕ್ತು ಅಂತ ತಗೊಂಡವರಿಗೆ ಉಳಿದದ್ದು ಒಂದು ಚಿಲ್ಲರೆ ವರ್ಷ. ಸ್ಲೋ ಅವರ ವಾಚಿಗೆ ಇರುವುದೇ 2 ವರ್ಷ. ಒಂದು ವರ್ಷ ಕಾದು ಅದೇ ವಾಚ್ ತಗೊಂಡ್ರೆ ಕೈಯಲ್ಲಿ ಉಳಿಯುವುದು ಒಂದೇ. ಬೆಲೆ ಅರ್ಧ ಆದ್ರೆ ಮಾತ್ರ ಸರಿಹೋಗ್ತದೆ, ಕಾಲು ಭಾಗ ಇಳಿದ್ರೆ ನಷ್ಟವೇ.

ಎಂಟು ತಿಂಗಳ ಮಾತು ಬಂತಲ್ಲ, "ಶೀಘ್ರದಲ್ಲೇ ಇಸಿಜಿ" ಅದರ ಅಪ್ಪ. ಇಸಿಜಿ ಅಂದ್ರೆ ಬರೀ ಸಾಫ್ಟ್‌ವೇರ್ ಅಲ್ಲ, ವೈದ್ಯಕೀಯ ಉಪಕರಣ ಅಂತ ದೇಶ ದೇಶದಲ್ಲಿ ಒಪ್ಪಿಗೆ ಬೇಕು. ಆಪಲ್‌ದು ಅಮೆರಿಕಾದಲ್ಲಿ 2018ರ ಡಿಸೆಂಬರ್‌ಗೆ ಬಂತು, ಇಲ್ಲಿಗೆ ಬಂದದ್ದು 2019ರ ಸೆಪ್ಟೆಂಬರ್. ಅಷ್ಟು ದೊಡ್ಡ ಕಂಪನಿಗೇ ಒಂಬತ್ತು ತಿಂಗಳು. ಇಲ್ಲದ ಇಸಿಜಿಗೆ ಈಗ ಒಂದು ರೂಪಾಯಿ ಕೊಡ್ಬೇಡಿ.

ಮುಂಬೈಯ ಹೀರಾ ಪನ್ನಾದಲ್ಲೋ ಮನೀಶ್ ಮಾರ್ಕೆಟ್‌ನಲ್ಲೋ "ದುಬೈ ಪೀಸ್" ಅಂತ ಐದು ಸಾವಿರ ಕಮ್ಮಿಗೆ ಸಿಗುವುದೂ ಉಂಟು. ಡಬ್ಬಿ ತಿರುಗಿಸಿ ನೋಡಿ: ರೂಪಾಯಿಯಲ್ಲಿ ಎಂಆರ್‌ಪಿ, ಆಮದು ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ, ದೂರಿನ ನಂಬರ್ ಇರುವ ಚೀಟಿ ಇಲ್ಲದಿದ್ರೆ ಇಲ್ಲಿ ವಾರಂಟಿ ಸಿಗುವುದು ಕಷ್ಟ. ಮೊದಲ ಪೀಳಿಗೆಯ ವಾಚನ್ನು ವಾರಂಟಿ ಇಲ್ಲದೆ ತಗೊಳ್ಳುವುದು ಮಳೆಗಾಲದಲ್ಲಿ ಕೊಡೆ ಮನೆಯಲ್ಲಿ ಬಿಟ್ಟು ಹೋದ ಹಾಗೆ.

ಸಿಂಹಗಡ ಸವಾರ

ಅಪ್‌ಡೇಟಿನ ಲೆಕ್ಕ ಒಪ್ಪಿದೆ. 2 ವರ್ಷ ಅನ್ನೋದು ತೀರಾ ಕಮ್ಮಿ. 4 ವರ್ಷ ಕೊಡೋ ಸ್ಯಾಮ್‌ಸಂಗ್ ಥರದ ಕಂಪನಿಗೆ ಮಾತ್ರ ನನ್ನ ಸೂತ್ರ ನಡೆಯುತ್ತೆ. ಹಾಗಂತ ಒಂದು ವರ್ಷ ಬರಿಗೈಯಲ್ಲಿ ಇರಬೇಕಾಗಿಲ್ಲ. 4-5 ಸಾವಿರದ ಆರ್‌ಟಿಒಎಸ್ ವಾಚ್ ಒಂದು ಕಟ್ಟಿಕೊಳ್ಳಿ, ವಾರಗಟ್ಟಲೆ ಚಾರ್ಜ್ ಇರುತ್ತೆ, ಹೆಜ್ಜೆ, ನಿದ್ದೆ, ಕರೆ ಎಲ್ಲ ತೋರಿಸುತ್ತೆ.

ಒತ್ತಕ್ಷರ

ಕಟ್ಟಿಕೊಳ್ಳುವ ಮೊದಲು ಒಂದು ಪರೀಕ್ಷೆ. ಕೇಳಿದವರಿಗೆ ಅರ್ಧ ಮೆಸೇಜ್ ಕನ್ನಡದಲ್ಲಿ ಬರುತ್ತವೆ ಎಂಬುದನ್ನು ಎಲ್ಲರೂ ದಾಟಿಕೊಂಡು ಹೋಗಿದ್ದೀರಿ.

ವೇರ್ ಓಎಸ್ ಆಂಡ್ರಾಯ್ಡ್‌ನದೇ ಮರಿ. ಅಕ್ಷರ ಜೋಡಿಸುವ ತಂತ್ರಾಂಶ, ಗೂಗಲ್‌ನ ನೋಟೋ ಫಾಂಟ್ ಎರಡೂ ಜೊತೆಯಲ್ಲೇ ಬರುತ್ತವೆ. ಅಗ್ಗದ ಆರ್‌ಟಿಒಎಸ್ ವಾಚ್‌ಗಳಲ್ಲಿ ಬಹಳಷ್ಟಕ್ಕೆ ಅದು ಇರುವುದಿಲ್ಲ. ಒಂದು ಸಂಕೇತಕ್ಕೆ ಒಂದು ಚಿತ್ರ ಎಂದು ಸಾಲಾಗಿ ಬರೆದುಕೊಂಡು ಹೋಗುತ್ತವೆ. ಇಂಗ್ಲಿಷಿಗೆ ಸಾಕು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಇರುವುದು 128 ಮನೆ, ಪರದೆಗೆ ಬೇಕಾದ ಆಕಾರಗಳು ಅದರ ಎಷ್ಟೋ ಪಟ್ಟು. ಒತ್ತು ಎಲ್ಲಿ ಕೂರಬೇಕು, ಅರ್ಕಾವತ್ತು ಯಾವ ಅಕ್ಷರದ ನಂತರ ಹೋಗಬೇಕು ಎಂದು ಲೆಕ್ಕ ಹಾಕುವ ತಂತ್ರಾಂಶ ಬೇಕೇ ಬೇಕು.

ಕೆಡುವುದು ಮೂರು ಥರ. ಫಾಂಟೇ ಇಲ್ಲದಿದ್ದರೆ ಬರೀ ಚೌಕಗಳು. ಫಾಂಟ್ ಇದ್ದು ಜೋಡಣೆ ಇಲ್ಲದಿದ್ದರೆ "ಅಕ್ಕ" ಎಂಬುದು ಅ, ಕ್, ಕ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಮೂರನೆಯದು ಕಣ್ಣಿಗೆ ಬೇಗ ಬೀಳುವುದಿಲ್ಲ: ಜೋಡಣೆ ಸರಿ, ಆದರೆ ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಅಳೆದಿರುತ್ತಾರೆ. "ರಾಷ್ಟ್ರ", "ಸ್ತ್ರೀ" ಥರದ ಎರಡು ಒತ್ತಿನ ಪದಗಳ ಕೆಳಭಾಗ ಕತ್ತರಿಸಿಹೋಗುತ್ತದೆ.

ಮುಂಬೈ, ಪುಣೆ ಅಂಗಡಿಗಳಲ್ಲಿ ಮೋಸ ಹೋಗುವುದು ಹೀಗೆ: ಅವರು ಹಿಂದಿ ಅಥವಾ ಮರಾಠಿ ಮೆಸೇಜ್ ತೋರಿಸಿ "ಭಾರತೀಯ ಭಾಷೆ ಎಲ್ಲಾ ಬರುತ್ತೆ" ಎನ್ನುತ್ತಾರೆ. ದೇವನಾಗರಿ ಬಂದರೆ ಕನ್ನಡ ಬಂದೀತು ಎಂದೇನೂ ಇಲ್ಲ. ನಿಮ್ಮ ಫೋನನ್ನೇ ಜೋಡಿಸಿ, ಇನ್ನೊಂದು ಫೋನಿನಿಂದ ಈ ಸಾಲು ಕಳಿಸಿ: "ರಾಷ್ಟ್ರ, ಸ್ತ್ರೀ, ಕರ್ಮ, ಕ್ಷಮಿಸಿ, ಜ್ಞಾನ, ಕೋಪ, ಹೃದಯ". ಏಳೂ ಸರಿ ಕಂಡರೆ ಉಳಿದದ್ದಕ್ಕೆ ಅಂಜಿಕೆಯಿಲ್ಲ.

ತಾಪ್ಕೀರ್ ಗಲ್ಲಿ

ಈ ಪರೀಕ್ಷಾ ಭಾರಿ ಅದ. ಕಳಿಸೂ ಮೊದಲ ಸೆಟ್ಟಿಂಗ್ಸ್ ಒಳಗ ವಾಚ್ ಆ್ಯಪ್‌ಗೆ ನೋಟಿಫಿಕೇಶನ್ ಅನುಮತಿ ಕೊಡ್ರಿ, "ಸಮೀಪದ ಸಾಧನಗಳು" ಅನುಮತಿ ಕೊಡ್ರಿ, ಬ್ಯಾಟರಿ ಅನ್ನೂದ್ರಾಗ "ನಿರ್ಬಂಧವಿಲ್ಲ" ಅಂತ ಮಾಡ್ರಿ, ಆಟೋಸ್ಟಾರ್ಟ್ ಇದ್ರ ಅದನ್ನೂ ಹಾಕ್ರಿ. ನಾಲ್ಕರಾಗ ಒಂದು ತಪ್ಪಿದ್ರೂ ಅರ್ಧ ತಾಸಿನ ಮ್ಯಾಲ ಫೋನು ಆ್ಯಪ್ ಕೊಂದು ಹಾಕ್ತದ. ಆಮ್ಯಾಲ ವಾಚ್ ಕೆಟ್ಟದ ಅಂತ ಸುಮ್ನ ಸರ್ವಿಸ್ ಸೆಂಟರಿಗೆ ಅಡ್ಡಾಡೂದು.

ಡೊಂಬಿವಲಿ ಸ್ಲೋ

ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಅಂಗಡಿಯಲ್ಲಿ ಏನು ನೋಡಬೇಕು, ಆನ್‌ಲೈನ್ ತಗೊಂಡರೆ 7 ದಿನದೊಳಗೆ ಏನು ನೋಡಬೇಕು, ಯಾರಾದರೂ ಕ್ರಮವಾಗಿ ಹೇಳ್ತೀರಾ?

ಸಿಂಹಗಡ ಸವಾರ

ಮೊದಲು ರಿಟರ್ನ್ ನಿಯಮ ಓದಿ. ಬಹಳ ಕಡೆ ವಾಚಿಗೆ ಇರೋದು 7 ದಿನದ "ಬದಲಿ" ಮಾತ್ರ, ದುಡ್ಡು ವಾಪಸ್ ಇಲ್ಲ. ದೋಷ ತೋರಿಸಿದರೆ ಅದೇ ವಾಚ್ ಇನ್ನೊಂದು ಕೊಡ್ತಾರೆ. ಪೀಳಿಗೆಯ ದೋಷಕ್ಕೆ ಬದಲಿ ಮದ್ದಲ್ಲ. ಆದ್ದರಿಂದ ಅಂಗಡಿಯಲ್ಲೇ ಹೆಚ್ಚು ನೋಡ್ಕೊಂಡುಬಿಡಿ.

ಅಂಗಡಿಯಲ್ಲಿ: ಒತ್ತಕ್ಷರ ಅವರ ಸಾಲು. ಆಮೇಲೆ ಪರದೆಯ ಮೇಲಿನ ಮೆನು ಪಟ್ಟಿಯನ್ನು ಸರಸರ ಮೇಲೆ ಕೆಳಗೆ ಎಳೆದು ನೋಡಿ, ತಡವರಿಸಿದರೆ ಚಿಪ್ ಹಳೇದು. ಡೆಮೋ ವಾಚ್‌ನಲ್ಲಿ ಆ್ಯಪ್‌ಗಳೇ ಇರಲ್ಲ, ಅದೇ ತಡವರಿಸಿದರೆ ನಿಮ್ಮದು ಇನ್ನೂ ನಿಧಾನ. ಬೆಲ್ಟ್ ಬಿಚ್ಚಿ ನೋಡಿ. ಮಾಮೂಲಿ 20 ಅಥವಾ 22 ಮಿಮೀ ಕಡ್ಡಿಯಾದರೆ ನೂರಿನ್ನೂರಕ್ಕೆ ಎಲ್ಲಿ ಬೇಕಾದರೂ ಸಿಗುತ್ತೆ. ಕಂಪನಿಯದೇ ಕೊಂಡಿಯಾದರೆ ಎರಡು ವರ್ಷದ ಮೇಲೆ ಹುಡುಕಬೇಕಾಗುತ್ತೆ. ಚಾರ್ಜರ್ ಬಿಡಿಯಾಗಿ ಮಾರ್ತಾರಾ, ಎಷ್ಟು ಅಂತ ಕೇಳಿ.

ಮನೆಯಲ್ಲಿ: ಮೊದಲೆರಡು ದಿನ ಬ್ಯಾಟರಿ ಅಳೀಬೇಡಿ, ಅಪ್‌ಡೇಟ್ ಇಳಿಸ್ಕೊಂಡು ಹೊಂದಿಕೊಳ್ತಿರುತ್ತೆ. ಮೂರನೇ ದಿನ ಬೆಳಗ್ಗೆ ಪೂರ್ತಿ ತುಂಬಿಸಿ, ನಿಮ್ಮ ನಿಜವಾದ ದಿನವನ್ನೇ ಕಳೆಯಿರಿ, ರಾತ್ರಿ 9ಕ್ಕೆ ಎಷ್ಟು ಉಳಿದಿದೆ ಬರೆದಿಡಿ. 20 ಪರ್ಸೆಂಟ್‌ಗಿಂತ ಕಮ್ಮಿ ಉಳಿದರೆ ಗಲ್ಲಿಯವರ ದಿವಾ ಲೆಕ್ಕ ಒಂದೂವರೆ ವರ್ಷದಲ್ಲಿ ನಿಜವಾಗುತ್ತೆ.

ಜಿಪಿಎಸ್ ಅಳೆಯೋಕೆ ರಸ್ತೆ ಬೇಡ, 400 ಮೀಟರ್ ಓಟದ ಟ್ರ್ಯಾಕ್ ಹುಡುಕಿ. ಒಳಗಿನ ಮೊದಲ ಲೇನ್‌ನಲ್ಲಿ ಐದು ಸುತ್ತು, ಅಂದ್ರೆ 2000 ಮೀಟರ್. ಎರಡನೇ ಲೇನ್‌ಗೆ ಹೋದರೆ ಸುತ್ತಿಗೆ ಸುಮಾರು 7 ಮೀಟರ್ ಜಾಸ್ತಿ, ಆಗ ತಪ್ಪು ವಾಚಿನದ್ದಲ್ಲ. 1960ರಿಂದ 2040ರೊಳಗೆ ತೋರಿಸಿದರೆ ಚೆನ್ನಾಗಿದೆ. ಲೋವರ್ ಪರೇಲ್ ಥರದ ಕಟ್ಟಡಗಳ ಕಾಡಲ್ಲಿ ಒಂದೇ ಫ್ರೀಕ್ವೆನ್ಸಿಯ ವಾಚ್ ರಸ್ತೆ ದಾಟಿ ಎದುರು ಕಟ್ಟಡದೊಳಗೆ ಓಡಿಸುತ್ತೆ. ಗಾಜಿಗೆ ತಾಗಿ ಬಂದ ಸಿಗ್ನಲ್ಲನ್ನು ನೇರ ಬಂದದ್ದು ಅಂತ ತಿಳ್ಕೊಳ್ಳುತ್ತೆ. ಎಲ್1 ಜೊತೆ ಎಲ್5, ಅಂದ್ರೆ ಎರಡು ಫ್ರೀಕ್ವೆನ್ಸಿ ಇದ್ದರೆ ಅದು ಬಹಳ ಕಮ್ಮಿ. ಎರಡನೇ ಪೀಳಿಗೆಯಲ್ಲಿ ಇದು ಬಂದರೆ ಕಾದದ್ದಕ್ಕೆ ಬೆಲೆ ಇದೆ, ಯಾಕಂದ್ರೆ ಅದು ಹಾರ್ಡ್‌ವೇರ್.

ವಾಸ್ಕೋ ಉಪ್ಪುಗಾಳಿ

ಈಜಿಗೆ ಜಿಪಿಎಸ್ ಲೆಕ್ಕಕ್ಕಿಲ್ಲ, ನೀರಿನೊಳಗೆ ಆ ಸಿಗ್ನಲ್ ಇಳಿಯುವುದಿಲ್ಲ. ವಾಚ್ ನಿಮ್ಮ ಕೈಬೀಸು ಮತ್ತು ಗೋಡೆ ತಾಗಿ ತಿರುಗಿದ್ದನ್ನು ಎಣಿಸಿ, ಕೊಳದ ಉದ್ದದಿಂದ ಗುಣಿಸುತ್ತದೆ. 25 ಮೀಟರ್ ಕೊಳಕ್ಕೆ 50 ಎಂದು ಇಟ್ಟರೆ ಎರಡು ಪಟ್ಟು ಈಜಿದ ಪುಣ್ಯ ಬರುತ್ತದೆ. ಇಪ್ಪತ್ತು ಉದ್ದ ಈಜಿ, ಬಾಯಲ್ಲಿ ಎಣಿಸಿ. ವಾಚ್ 19ರಿಂದ 21 ಎಂದರೆ ಸರಿ. ನೀರಿನಲ್ಲಿ ಹೃದಯ ಬಡಿತದ ಅಂಕಿ ನಂಬಬೇಡಿ, ಯಾವ ಪೀಳಿಗೆಯದೇ ಇರಲಿ. ಚರ್ಮ ಮತ್ತು ಸೆನ್ಸರ್ ನಡುವೆ ನೀರು ನುಗ್ಗುತ್ತದೆ.

ತಾಪ್ಕೀರ್ ಗಲ್ಲಿ

ಬಡಿತ ನೋಡೂದಿದ್ರ ಒಣಗಿದ ಕೈಯಾಗ ನೋಡ್ರಿ. ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಮ್ಯಾಲ ಕಟ್ಟಿ, ಐದು ನಿಮಿಷ ಕೂತು, ಕುತ್ತಿಗಿ ನಾಡಿ 60 ಸೆಕೆಂಡ್ ಎಣಿಸ್ರಿ. ಮೂರು-ನಾಲ್ಕು ಹೆಚ್ಚು ಕಮ್ಮಿ ನಡೀತದ. ಲೋಕಲ್‌ನ್ಯಾಗ ಮ್ಯಾಲಿನ ಹಿಡಿಕಿ ಹಿಡದು ನಿಂತಾಗ ಬರೂ ಅಂಕಿ ಬಿಟ್ಟಬಿಡ್ರಿ. ಕೈ ಎತ್ತಿದ್ರ ರಕ್ತ ಇಳೀತದ, ಗಾಡಿ ಅಲುಗಾಡ್ತದ, ವಾಚಿಗೆ ಎರಡೂ ಸೇರಿ ಗೊಂದಲ. ರಕ್ತದೊತ್ತಡ ತೋರಿಸ್ತದ ಅಂದ್ರ ತೋಳಿನ ಪಟ್ಟಿಯಿಂದ ಹೊಂದಿಸೂದು ಕೇಳ್ತದನೋ ನೋಡ್ರಿ. ಸ್ಯಾಮ್‌ಸಂಗ್‌ದು 28 ದಿನಕ್ಕೊಮ್ಮೆ ಕೇಳ್ತದ. ಏನೂ ಕೇಳದ ಅಂಕಿ ಹೇಳೂ ಅಗ್ಗದ ವಾಚಿನ ಮಾತು ಕೇಳಿ ಗುಳಿಗಿ ಬದಲಾಯಿಸಬ್ಯಾಡ್ರಿ.

ಡೊಂಬಿವಲಿ ಸ್ಲೋ

ಅಂಗಡಿಯಲ್ಲಿ ನೋಡಿದ್ದನ್ನು ಹಾಕುತ್ತಿದ್ದೇನೆ. ಕನ್ನಡದ ಏಳೂ ಪದ ಸರಿ. ಪಟ್ಟಿ ಎಳೆದರೆ ತಡವರಿಕೆ, ಎರಡು ಡೆಮೋ ವಾಚ್‌ನಲ್ಲೂ. ಒಂದು ಡೆಮೋದ ಪಿನ್ ಸುತ್ತ ಆಗಲೇ ಹಸಿರು. ಬೆಲ್ಟ್ 22 ಮಿಮೀ, ಮಾಮೂಲಿಯದೇ. ಬಿಡಿ ಚಾರ್ಜರ್ "ಸ್ಟಾಕ್ ಇಲ್ಲ". ಬ್ಯಾಟರಿ ಬದಲಿಯ ಬಗ್ಗೆ ಕಂಪನಿಗೆ ಬರೆದೆ, ಸರ್ವಿಸ್ ಸೆಂಟರಿಗೆ ಹೋಗಿ ಎಂದು ಉತ್ತರ.

ಇದನ್ನು ಬಿಡುತ್ತಿದ್ದೇನೆ. ಎರಡನೇದರಲ್ಲಿ ಚಿಪ್ ಹೆಸರು ಬರೆದಿದ್ದು, ಎಲ್5 ಇದ್ದು, 3 ವರ್ಷ ಅಪ್‌ಡೇಟ್ ಕೊಟ್ಟರೆ ನೋಡ್ತೀನಿ. ಅಲ್ಲಿವರೆಗೆ ಐದು ಸಾವಿರದ ಒಳಗಿನದು. ಅದೇ ಅಂಗಡಿಯಲ್ಲಿ ಅಂಥವು ಮೂರಕ್ಕೆ ಆ ಸಾಲು ಕಳಿಸಿದೆ. ಒಂದರಲ್ಲಿ ಚೌಕ, ಒಂದರಲ್ಲಿ ರಾಷ್ಟ್ರಕ್ಕೆ ಕಾಲಿಲ್ಲ, ಒಂದರಲ್ಲಿ ಎಲ್ಲಾ ಸರಿ.

ಒತ್ತಕ್ಷರ

ಸರಿ ಬಂದದ್ದರ ಅಕ್ಷರದ ಗಾತ್ರವನ್ನು "ದೊಡ್ಡದು" ಮಾಡಿ ಇನ್ನೊಮ್ಮೆ ಕಳಿಸಿ ನೋಡಿ. ಕೆಲವು ವಾಚ್‌ಗಳಲ್ಲಿ ಕಾಲು ಹೋಗುವುದು ಆಗಲೇ.

ಮಾಟುಂಗಾ ಮಾರಾಯ

ಬೆಲ್ಟ್ 22 ಮಿಮೀದೇ ತಗೊಳ್ಳಿ ಆಯ್ತಾ, ನಾಳೆ ದೊಡ್ಡ ವಾಚ್ ಬಂದ್ರೆ ಅದಕ್ಕೂ ಕೂತೀತು. ಚರ್ಮದ್ದು ಬೇಡ, ಮಳೆಗಾಲದಲ್ಲಿ ಬೂಸ್ಟು ಹಿಡೀತದೆ. ಸಿಲಿಕಾನ್ ಸಾಕು.